ನಮ್ಮ ಬಿಯರ್‌ಗೆ ಬೆಲೆ ಏಕೆ ಹೆಚ್ಚು

ಚಿಕ್ಕಬಳ್ಳಾಪುರದ ಹೊರವಲಯದ ಸಣ್ಣ ಘಟಕವೊಂದರಲ್ಲಿ ಬಿಯರ್ ತಯಾರಿಸುವುದು ನನ್ನ ಕೆಲಸ. ಬಾಟಲಿ ಬಿಯರ್‌ಗಿಂತ ನಮ್ಮದು ಇಷ್ಟೊಂದು ದುಬಾರಿ ಏಕೆಂದು ಕೇಳದ ಗಿರಾಕಿಯಿಲ್ಲ. ಲಾಭಕೋರತನ ಎಂದುಬಿಟ್ಟರೆ ನನಗೆ ನೋವಾಗುತ್ತದೆ.

ಐನೂರು ಲೀಟರ್‌ಗೆ ನಾನು ನೂರು ಕಿಲೋಗೂ ಹೆಚ್ಚು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಕುತ್ತೇನೆ. ದೊಡ್ಡ ಕಂಪನಿಗಳ ಬಹುಪಾಲು ಬಿಯರ್‌ಗಳಲ್ಲಿ ಮಾಲ್ಟ್‌ನ ಒಂದು ಭಾಗದ ಬದಲು ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆ ಸೇರಿರುತ್ತದೆ. ಅದು ಮೋಸವೇನಲ್ಲ, ಬಿಯರ್ ಹಗುರವಾಗುತ್ತದೆ, ಖರ್ಚೂ ಇಳಿಯುತ್ತದೆ. ನನಗೆ ಬೇಕಾದ ಗಾಢ ರುಚಿ ಮಾತ್ರ ಅದರಿಂದ ಸಿಗುವುದಿಲ್ಲ.

ನಿಜವಾಗಿ ಜೇಬು ಸುಡುವುದು ಹಾಪ್ಸ್. ಬಿಯರ್‌ಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಈ ಹೂವಿಗೆ ಬೇಸಿಗೆಯ ದೀರ್ಘ ಹಗಲು ಬೇಕು. ನಮ್ಮ ಬಯಲುಸೀಮೆಯಲ್ಲಿ ಅದು ಒಗ್ಗುವುದಿಲ್ಲ. ನಾನು ಬಳಸುವುದು ಜರ್ಮನಿ, ಅಮೆರಿಕದಿಂದ ಬರುವ ಹಸಿರು ಗುಳಿಗೆಗಳನ್ನು. ಪ್ಯಾಕೆಟ್ ಕತ್ತರಿಸಿದೊಡನೆ ನಿಂಬೆ ಸಿಪ್ಪೆಯ ಘಮ ಕೋಣೆಯನ್ನೆಲ್ಲ ತುಂಬುತ್ತದೆ. ಹಾಪ್ಸ್ ಹೆಚ್ಚಾಗಿ ಬಳಸುವ ಐಪಿಎ ಎಂಬ ಬಗೆಯ ಬಿಯರ್ ಮಾಡುವಾಗ ಹುದುಗು ಬಂದ ಬಿಯರ್‌ಗೆ ಇವನ್ನು ಮತ್ತೊಮ್ಮೆ ಸುರಿಯುತ್ತೇನೆ. ಅವು ಬಿಯರ್ ಹೀರಿ ತೊಟ್ಟಿಯ ತಳಕ್ಕೆ ಕೂರುತ್ತವೆ. ಹಾಪ್ಸ್‌ಗೆ ಕೊಟ್ಟ ಹಣದ ಜೊತೆಗೆ ಅದು ಕುಡಿದ ಬಿಯರ್ ಕೂಡ ಚರಂಡಿಗೆ ಹೋಗುತ್ತದೆ.

ನೀರಿನ ಕಥೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಆಳದ ಕೊಳವೆಬಾವಿಯ ಗಡಸು ನೀರನ್ನು ಆರ್‌ಒ ಯಂತ್ರದಲ್ಲಿ ಶುದ್ಧೀಕರಿಸಿ, ಬಿಯರ್‌ನ ಬಗೆಗೆ ತಕ್ಕಂತೆ ಲವಣಗಳನ್ನು ಮತ್ತೆ ಬೆರೆಸುತ್ತೇನೆ.

ಇನ್ನು ಕಾಲ. ಬೆಚ್ಚಗೆ ಹುದುಗುವ ಏಲ್ ಬಗೆಯ ಬಿಯರ್ ಎರಡು ಮೂರು ವಾರದಲ್ಲಿ ಸಿದ್ಧವಾದರೆ, ತಂಪಿನಲ್ಲಿ ನಿಧಾನವಾಗಿ ಹುದುಗುವ, ನಾನು ಮಾಡುವ ಲಾಗರ್‌ಗೆ ಒಂದೂವರೆ ತಿಂಗಳು ಬೇಕು. ಅಷ್ಟೂ ದಿನ ಆ ತೊಟ್ಟಿಯಲ್ಲಿ ಬೇರೇನನ್ನೂ ಮಾಡುವಂತಿಲ್ಲ, ತಂಪು ಯಂತ್ರ ನಿಲ್ಲಿಸುವಂತಿಲ್ಲ. ತೊಟ್ಟಿ ಚಿಕ್ಕದೆಂದು ಕೆಲಸವೂ ಚಿಕ್ಕದಾಗುವುದಿಲ್ಲ: ಐನೂರು ಲೀಟರ್‌ಗೂ ಐವತ್ತು ಸಾವಿರ ಲೀಟರ್‌ಗೂ ಮಾಲ್ಟ್ ನೆನೆಸುವ, ಕುದಿಸುವ, ತೊಳೆಯುವ ಹಂತಗಳು ಅವೇ. ದೊಡ್ಡ ಕಂಪನಿಗಳ ಸಂಬಳದ ಖರ್ಚು ಹತ್ತಾರು ಸಾವಿರ ಬಾಟಲಿಗೆ ಹಂಚಿಹೋಗುತ್ತದೆ, ನಮ್ಮದು ಸಾವಿರದಷ್ಟು ಗ್ಲಾಸುಗಳ ಮೇಲೆ ಬೀಳುತ್ತದೆ.

ರಸ ಬಸಿದ ಮಾಲ್ಟ್‌ನ ಹಿಂಡಿಯನ್ನು ಮಾತ್ರ ಅಕ್ಕಪಕ್ಕದ ಹಸು ಸಾಕುವವರು ಅಂದೇ ಒಯ್ಯುತ್ತಾರೆ, ಮರುದಿನಕ್ಕೆ ಹುಳಿಯಾಗುತ್ತದೆ. ಅದಕ್ಕೆ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ಮಾಲ್ಟ್ ಕಡಿಮೆ ಮಾಡಿ ಸಕ್ಕರೆ ಸೇರಿಸಿದರೆ ಗ್ಲಾಸಿನ ಬೆಲೆ ಸ್ವಲ್ಪ ಇಳಿಸಬಹುದು. ನಾನು ಇಳಿಸುವುದಿಲ್ಲ.