ಡಿಸ್ನಿಯ ಕ್ಯಾಲಿಫೋರ್ನಿಯಾ ಗ್ರಿಲ್: ಹೊಗಳಿಕೆ-ಬೈಗುಳ ಎರಡನ್ನೂ ತೂಗಿ ಬುಕ್ ಮಾಡುವ ಬಗೆ

ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಮನೆಗಳ ಮಗನೋ ಮಗಳೋ ಈಗ ಅಮೆರಿಕದಲ್ಲಿದ್ದಾರೆ. ಅಪ್ಪ-ಅವ್ವ ಹೋದಾಗ ಅವರನ್ನು ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗುವುದೂ ವಾಡಿಕೆಯಾಗಿದೆ. ಅಲ್ಲಿ "ಒಂದು ರಾತ್ರಿ ಛಲೋ ಜಾಗಾದಾಗ ಊಟ ಮಾಡೂಣು" ಎಂಬ ಮಾತು ಬಂದರೆ ಬೇಗ ಕೇಳಿಬರುವ ಹೆಸರು ಕಂಟೆಂಪರರಿ ರೆಸಾರ್ಟ್‌ನ 15ನೇ ಮಹಡಿಯಲ್ಲಿರುವ ಕ್ಯಾಲಿಫೋರ್ನಿಯಾ ಗ್ರಿಲ್. ಗೊಂದಲ ಶುರುವಾಗುವುದೂ ಅಲ್ಲೇ. ಹೋಗಿ ಬಂದ ಕಾಕಾ "ಜಲ್ಮದಾಗ ಒಮ್ಮೆ ನೋಡಬೇಕು" ಅನ್ನುತ್ತಾರೆ. ವೈನಿ "ರೊಕ್ಕ ಹಾಳು, ಹೊಟ್ಟಿನೂ ತುಂಬಲಿಲ್ಲ" ಅನ್ನುತ್ತಾರೆ. ಇಬ್ಬರ ಮಾತೂ ಖರೆ. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಟೇಬಲ್‌ನಲ್ಲಿ, ಬೇರೆ ಬೇರೆ ಊಟ ಮಾಡಿದ್ದಾರೆ. ಆದ್ದರಿಂದ ಎಷ್ಟು ಮಂದಿ ಹೊಗಳಿದರು, ಎಷ್ಟು ಮಂದಿ ಬೈದರು ಎಂದು ಎಣಿಸುತ್ತ ಕೂಡಬೇಡಿ. ಆ ರಾತ್ರಿ ಅವರಿಗೆ ಏನು ಸಿಕ್ಕಿತ್ತು ಎಂದು ಕೇಳಿ.

ಮೊದಲು ಕೇಳಬೇಕಾದದ್ದು ಯಾವ ವರ್ಷ ಹೋಗಿದ್ದರು ಎಂದು

ಈ ರೆಸ್ಟೋರೆಂಟ್ ಶುರುವಾದದ್ದು 1995ರಲ್ಲಿ. 2020ಕ್ಕಿಂತ ಮೊದಲು ಇಲ್ಲಿ ಒಂದೊಂದು ಪದಾರ್ಥಕ್ಕೂ ಬೇರೆ ಬೆಲೆ ಇತ್ತು. ಇಬ್ಬರು ಸೇರಿ ಒಂದು ಫ್ಲಾಟ್‌ಬ್ರೆಡ್, ಒಂದು ರ್‍ಯಾವಿಯೋಲಿ (ಹೂರಣ ತುಂಬಿದ ಪಾಸ್ತಾ) ಹಂಚಿಕೊಂಡು, ಪಕ್ಕದ ಪಾರ್ಕಿನ ರಾತ್ರಿಯ ಪಟಾಕಿ ನೋಡಿ ಎದ್ದು ಬರಬಹುದಿತ್ತು. 2021ರ ಅಕ್ಟೋಬರ್‌ನಲ್ಲಿ ಡಿಸ್ನಿ ವರ್ಲ್ಡ್‌ನ ಐವತ್ತನೇ ವರ್ಷದ ನೆಪದಲ್ಲಿ ಮೂರು ಹಂತದ (ಮೊದಲ ತಾಟು, ಮುಖ್ಯ ಊಟ, ಸಿಹಿ) ನಿಗದಿತ ದರದ ಊಟ ಬಂತು: ಆಗ ದೊಡ್ಡವರಿಗೆ 89 ಡಾಲರ್. ನಮ್ಮ ಖಾನಾವಳಿಯ ಫುಲ್ ಊಟದಂತೆ ನೀವು ಎರಡು ತುತ್ತು ಉಂಡರೂ ದರ ಪೂರ್ತಿ. "ಅಷ್ಟೇನ್ ತುಟ್ಟಿ ಇಲ್ಲ" ಎಂದವರು ಹಳೆಯ ಪದ್ಧತಿಯಲ್ಲಿ ಉಂಡವರಾಗಿದ್ದರೆ, ರೊಕ್ಕದ ಬಗ್ಗೆ ಅವರ ಮಾತು ಇವತ್ತಿಗೆ ಕೆಲಸಕ್ಕೆ ಬರುವುದಿಲ್ಲ. ನೋಟದ ಬಗ್ಗೆ ಹೇಳಿದ್ದು ಮಾತ್ರ ಇಂದಿಗೂ ನಡೆಯುತ್ತದೆ, ಏಕೆಂದರೆ ಕಿಟಕಿಯಾಚೆಯ ಡಿಸ್ನಿ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್ ಎಲ್ಲಿಯೂ ಹೋಗಿಲ್ಲ.

ಎಷ್ಟು ಗಂಟೆಯ ಟೇಬಲ್?

ಇದೊಂದೇ ಪ್ರಶ್ನೆ ಅರ್ಧ ಜಗಳ ಬಿಡಿಸುತ್ತದೆ. ಈ ಜಾಗದ ಬೆಲೆಯಲ್ಲಿ ದೊಡ್ಡ ಪಾಲು ರಾತ್ರಿಯ ಪಟಾಕಿಯದು. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯ ಮೇಲೆ ಪಟಾಕಿ ಹಾರುವಾಗ ರೆಸ್ಟೋರೆಂಟ್‌ನ ದೀಪ ಮಂದ ಮಾಡಿ, ಪಾರ್ಕಿನಲ್ಲಿ ಕೇಳುವ ಸಂಗೀತವನ್ನೇ ಇಲ್ಲಿಯೂ ಹಾಕುತ್ತಾರೆ. ಹೊರಗೆ ನಿಂತು ನೋಡಲು ಊಟಕ್ಕೆ ಬಂದವರಿಗಾಗಿಯೇ ತೆರೆದ ಅಂಗಳವಿದೆ. ಸಂಜೆ ಐದಕ್ಕೆ ಉಂಡು ಆರೂವರೆಗೆ ಎದ್ದು ಬಂದವರಿಗೆ ಇದ್ಯಾವುದೂ ಸಿಗಲಿಲ್ಲ. ಅವರು "ಸಾಧಾರಣ" ಅಂದರೆ ಅದು ಊಟದ ಮೇಲಿನ ಮಾತು ಮಾತ್ರ.

ಬೇಗ ಉಂಡವರು ಬಿಲ್ ಚೀಟಿ ಇಟ್ಟುಕೊಂಡು ಅದೇ ರಾತ್ರಿ ಪಟಾಕಿಯ ಹೊತ್ತಿಗೆ ತಿರುಗಿ ಬಂದರೆ ಅಂಗಳಕ್ಕೆ ಬಿಡುವ ಪದ್ಧತಿ ಇದೆ. ಬಹಳ ಜನ ಚೀಟಿ ಚೆಲ್ಲಿಬಿಡುತ್ತಾರೆ, ಆಮೇಲೆ ಪೇಚಾಡುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರಿದ್ದ ಮನೆಗೆ ಇದೇ ಅತ್ಯಂತ ಒಳ್ಳೆಯ ದಾರಿ: ಐದೂವರೆಗೆ ಊಟ, ಹೊತ್ತಿಗೆ ಸರಿಯಾಗಿ ಗುಳಿಗೆ, ಸ್ವಲ್ಪ ವಿಶ್ರಾಂತಿ, ಆಮೇಲೆ ಪಟಾಕಿ. ಚೀಟಿ ಕೊಡುವಾಗಲೇ "ಎಷ್ಟು ಗಂಟೆಗೆ ಮರಳಿ ಬರಬೇಕು" ಎಂದು ಸಿಬ್ಬಂದಿಯನ್ನು ಕೇಳಿಕೊಳ್ಳಿ.

ಉಣ್ಣುತ್ತಲೇ ನೋಡಬೇಕೆಂದರೆ ಪಟಾಕಿಗೆ ಒಂದು ಗಂಟೆ ಮೊದಲಿನ ಟೇಬಲ್ ಹಿಡಿಯಿರಿ. ಎರಡು ಗಂಟೆ ಮೊದಲು ಹಿಡಿದರೆ ಸಿಹಿ ಮುಗಿದು ಸುಮ್ಮನೆ ಕೂತಿರುತ್ತೀರಿ. ಹದಿನೈದು ನಿಮಿಷ ಮೊದಲು ಹಿಡಿದರೆ ಮೊದಲ ತಾಟು ಬರುವ ಹೊತ್ತಿಗೆ ಎಲ್ಲರೂ ಎದ್ದು ಅಂಗಳಕ್ಕೆ ಓಡಿರುತ್ತಾರೆ, ಬಿಸಿ ಊಟ ತಣ್ಣಗಾಗುತ್ತದೆ. "ಊಟ ಆರಿತ್ತು" ಎಂಬ ದೂರು ಕೇಳಿದರೆ ಅವರ ಟೇಬಲ್ ಯಾವ ಹೊತ್ತಿನದು ಎಂದು ವಿಚಾರಿಸಿ ನೋಡಿ.

ಪಟಾಕಿಯ ಹೊತ್ತು ದಿನಕ್ಕೊಂದು ಥರ ಇರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹ್ಯಾಲೋವೀನ್ ಪಾರ್ಟಿ ಇರುವ ರಾತ್ರಿಗಳಲ್ಲಿ, ನವೆಂಬರ್-ಡಿಸೆಂಬರ್‌ನ ಕ್ರಿಸ್‌ಮಸ್ ಪಾರ್ಟಿ ರಾತ್ರಿಗಳಲ್ಲಿ ಪಟಾಕಿಯೂ ಬೇರೆ, ವೇಳೆಯೂ ಬೇರೆ. ಡಿಸ್ನಿಯ ಮೊಬೈಲ್ ಆ್ಯಪ್‌ನಲ್ಲಿ ಆ ದಿನದ ವೇಳಾಪಟ್ಟಿ ನೋಡದೆ ಟೇಬಲ್ ಹಿಡಿಯಲೇಬೇಡಿ. ಬೇಸಿಗೆ ಸಂಜೆ ಫ್ಲೋರಿಡಾದಲ್ಲಿ ಗುಡುಗು-ಮಳೆ ಹೆಚ್ಚು. ಮಿಂಚು ಇದ್ದರೆ ಅಂಗಳ ಸಿಗುವುದಿಲ್ಲ, ಕಿಟಕಿಯೇ ಗತಿ. ಕಿಟಕಿ ಪಕ್ಕದ ಟೇಬಲ್ ಕೇಳಬಹುದು, ಕೊಟ್ಟೇ ಕೊಡುತ್ತೇವೆ ಎಂಬ ಭರವಸೆ ಇಲ್ಲ.

ಶಾಕಾಹಾರಿಗಳು ಇಲ್ಲಿ ನಿಧಾನವಾಗಿ ಓದಿ

ನಮ್ಮ ಕಡೆಯ ಬೈಗುಳದಲ್ಲಿ ಬಹುಪಾಲು ಇಲ್ಲಿಂದ ಬರುತ್ತದೆ. ಈ ಅಡುಗೆಮನೆಯ ಹೆಸರು ಇರುವುದು ಸುಶಿ (ಅನ್ನ-ಮೀನಿನ ಜಪಾನಿ ತಿನಿಸು), ಕೆಂಡದ ಮೇಲೆ ಸುಟ್ಟ ಮಾಂಸ, ಮೀನಿಗೆ. ಅದನ್ನು ಉಣ್ಣುವವರು ಹೊಗಳಿದರೆ ಆಶ್ಚರ್ಯವಿಲ್ಲ. ಶಾಕಾಹಾರಿಯೂ ಕೊಡುವುದು ಅದೇ ಪೂರ್ತಿ ದರ, ಆರಿಸಿಕೊಳ್ಳಲು ಸಿಗುವುದು ಮಾತ್ರ ಕಡಿಮೆ. ಅಡುಗೆಮನೆ ತೆರೆದೇ ಇರುವುದರಿಂದ ಮಾಂಸದ ವಾಸನೆಯೂ ಕೂತಲ್ಲಿಗೆ ಬರುತ್ತದೆ. ಹುಟ್ಟಾ ಶಾಕಾಹಾರಿ ಅವ್ವನಿಗೆ ಅದು ಆಗಿಬರುತ್ತದೋ ಇಲ್ಲವೋ ನೀವೇ ಬಲ್ಲಿರಿ.

ಅಲ್ಲಿ "ವೆಜಿಟೇರಿಯನ್" ಅಂದರೆ ಮೊಟ್ಟೆ ನಡೆಯುತ್ತದೆ ಎಂದೇ ಅರ್ಥ. ಸೂಪಿನ ತಳಕ್ಕೆ ಕೋಳಿಯ ಸಾರು ಇರಬಹುದು. ಸಾಂಪ್ರದಾಯಿಕ ಪಾರ್ಮಿಜಾನ್ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕೆಲವು ಸಿಹಿಗಳಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ಮಾಡಿದ ಜೆಲಟಿನ್ ಇರುತ್ತದೆ. ಬಹಳ ವರ್ಷ ಹೆಸರು ಮಾಡಿದ ಸೊನೋಮಾ ರ್‍ಯಾವಿಯೋಲಿಯ ಹೂರಣ ಮೇಕೆ ಹಾಲಿನ ಚೀಸ್. ಅದರ ಹುಳಿ ವಾಸನೆ ಮೊದಲ ಸಲ ತಿನ್ನುವ ಹಿರಿಯರಿಗೆ ಹಿಡಿಸುವುದು ಕಷ್ಟ. ಆದ್ದರಿಂದ "ವೆಜ್" ಎಂದಷ್ಟೇ ಹೇಳಿ ಬಿಡಬೇಡಿ. ಹೀಗೆ ಬಿಡಿಸಿ ಹೇಳಿ: "ನೋ ಮೀಟ್, ನೋ ಫಿಶ್, ನೋ ಎಗ್, ನೋ ಮೀಟ್ ಬ್ರಾತ್, ನೋ ಜೆಲಟಿನ್. ಮಿಲ್ಕ್ ಆ್ಯಂಡ್ ಬಟರ್ ಓಕೆ." ಇದನ್ನು ಬುಕಿಂಗ್‌ನಲ್ಲಿ ಒಮ್ಮೆ ನಮೂದಿಸಿ, ಕೂತ ಮೇಲೆ ಬಡಿಸುವವರಿಗೆ ಇನ್ನೊಮ್ಮೆ ಹೇಳಿ. ಸಂಶಯವಿದ್ದರೆ ಶೆಫ್ ಜೊತೆ ಮಾತಾಡಬೇಕೆಂದು ಕೇಳಿ. ಡಿಸ್ನಿಯ ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ಅದು ಪ್ಲಾಂಟ್-ಬೇಸ್ಡ್. ಅಂದರೆ ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲ. ಕಟ್ಟುನಿಟ್ಟಿನವರು ಕಣ್ಣುಮುಚ್ಚಿ ಅದನ್ನೇ ಆರಿಸಬಹುದು. ಉಳ್ಳಾಗಡ್ಡಿ-ಬೆಳ್ಳುಳ್ಳಿಯೂ ಬೇಡ ಎನ್ನುವವರಿಗೆ ನಮ್ಮ ನೇರ ಸಲಹೆ: ಇಲ್ಲಿಗೆ ಹೋಗಬೇಡಿ. ಸಾಸ್, ಸಾರುಗಳನ್ನು ಮೊದಲೇ ಮಾಡಿಟ್ಟಿರುತ್ತಾರೆ, ಅದರಿಂದ ಬೆಳ್ಳುಳ್ಳಿ ತೆಗೆಯಲಾಗದು. ಕೊನೆಗೆ ಬೇಯಿಸಿದ ತರಕಾರಿ, ಹಸಿ ಸೊಪ್ಪು ಉಳಿಯುತ್ತದೆ. ಅದಕ್ಕೆ ಅಷ್ಟು ರೊಕ್ಕ ಕೊಡುವುದು ಸರಿಯಲ್ಲ.

ಖಾರದ ಮಾತೂ ಇಲ್ಲೇ ಬರಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯದ ನಾಲಿಗೆಗೆ ಇಲ್ಲಿನ ಊಟ ಸಪ್ಪೆಯೇ. ಹಾಟ್ ಸಾಸ್ ಕೇಳಿ ತರಿಸಿಕೊಳ್ಳಿ. ಊರಿಂದ ತಂದ ಶೇಂಗಾ ಹಿಂಡಿಯ ಡಬ್ಬಿಯನ್ನು ಮಾತ್ರ ಟೇಬಲ್ ಮೇಲೆ ತೆಗೆಯಬೇಡಿ. ಶೇಂಗಾ ಅಲರ್ಜಿಯಿಂದ ಉಸಿರು ಕಟ್ಟುವ ಮಕ್ಕಳು ಅಲ್ಲಿ ಪಕ್ಕದ ಟೇಬಲ್‌ನಲ್ಲೇ ಇರಬಹುದು. ಅವರ ಜೀವದ ಪ್ರಶ್ನೆ ಅದು.

ಗದ್ದಲ, ಮಕ್ಕಳು, ಬಟ್ಟೆ

"ದೊಡ್ಡ ಹೋಟೆಲ್ ಅಂತ ಹೋದ್ರ ಸಂತಿಯಂಗ ಗದ್ದಲ" ಎಂಬ ದೂರು ಖರೆ. ತೆರೆದ ಅಡುಗೆಮನೆ, ಹತ್ತಿರ ಹತ್ತಿರ ಟೇಬಲ್, ಪಟಾಕಿಗೆ ಬಂದ ಮಕ್ಕಳು. ಕಿವಿ ಮಂದವಾದವರಿದ್ದರೆ ಟೇಬಲ್‌ನ ನಡುವೆ ಕೂರಿಸಿ. ಮೊಮ್ಮಕ್ಕಳಿರುವವರಿಗೆ ಅದೇ ಗದ್ದಲ ಅನುಕೂಲ: ಮಗು ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ.

ನಿಶ್ಶಬ್ದವೇ ಬೇಕೆಂದರೆ ಡಿಸ್ನಿಯಲ್ಲಿ ಇನ್ನೊಂದು ಜಾಗ ಇದೆ, ಗ್ರ್ಯಾಂಡ್ ಫ್ಲೋರಿಡಿಯನ್ ರೆಸಾರ್ಟ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ಸ್. 2024ರಲ್ಲಿ ಅದಕ್ಕೆ ಮಿಶೆಲಿನ್ ಸ್ಟಾರ್ (ಊಟದ ಮನೆಗಳಿಗೆ ಸಿಗುವ ದೊಡ್ಡ ಗೌರವ) ಬಂತು. ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ಉಡುಗೆಯೂ ಔಪಚಾರಿಕವಾಗಿರಬೇಕು, 2022ರಲ್ಲಿ ಮತ್ತೆ ತೆರೆದಾಗಲೇ ತಲಾ 295 ಡಾಲರ್ ಇತ್ತು. ಎರಡನ್ನೂ ಹೋಲಿಸಿ ಒಂದನ್ನು ಬೈಯುವವರ ಮಾತನ್ನು ಪಕ್ಕಕ್ಕಿಡಿ. ಕ್ಯಾಲಿಫೋರ್ನಿಯಾ ಗ್ರಿಲ್‌ಗೆ ಕೋಟು ಬೇಡ. ಈಜುಡುಗೆ, ತೋಳಿಲ್ಲದ ಬನಿಯನ್, ಹರಿದ ಬಟ್ಟೆ ನಡೆಯುವುದಿಲ್ಲ. ಇಳಕಲ್ ಸೀರೆ, ಜುಬ್ಬಾ-ಪೈಜಾಮ ಧಾರಾಳವಾಗಿ ಉಟ್ಟು ಹೋಗಿ. ಮೇಲೆ ಎಸಿ ಜೋರು, ಒಂದು ಶಾಲು ಇರಲಿ.

ಬುಕಿಂಗ್

ಟೇಬಲ್ 60 ದಿನ ಮೊದಲು ತೆರೆಯುತ್ತದೆ. ಡಿಸ್ನಿಯದೇ ಹೋಟೆಲ್‌ನಲ್ಲಿ ಉಳಿಯುವವರು ಬಂದಿಳಿಯುವ ದಿನಕ್ಕೆ 60 ದಿನ ಮೊದಲೇ ತಮ್ಮ ವಾಸದ ಹತ್ತು ದಿನಗಳವರೆಗಿನ ಊಟಗಳನ್ನು ಒಟ್ಟಿಗೆ ಹಿಡಿಯಬಹುದು. ಹೊರಗೆ ಉಳಿಯುವವರಿಗೆ ಆ ಅನುಕೂಲವಿಲ್ಲ, ಪಟಾಕಿ ಹೊತ್ತಿನ ಟೇಬಲ್ ಅವರ ಸರದಿ ಬರುವಷ್ಟರಲ್ಲಿ ಹೋಗಿರುತ್ತದೆ. ಆನ್‌ಲೈನ್ ಬುಕಿಂಗ್ ಅಲ್ಲಿನ ಬೆಳಗಿನ ಆರಕ್ಕೆ ತೆರೆಯುತ್ತದೆ. ನಮ್ಮ ಕಲಬುರಗಿಯ ಗಡಿಯಾರದಲ್ಲಿ ಅದು ಮಧ್ಯಾಹ್ನ ಮೂರೂವರೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ನಾಲ್ಕೂವರೆ. ಮಗ ನಿದ್ದೆಯಲ್ಲಿದ್ದರೆ ಅಪ್ಪನೇ ಇಲ್ಲಿ ಕೂತು ಬುಕ್ ಮಾಡಬಹುದು, ಡಿಸ್ನಿ ಖಾತೆ ಮತ್ತು ಕಾರ್ಡ್ ವಿವರ ಕೈಯಲ್ಲಿದ್ದರೆ ಸಾಕು.

ಎಣಿಕೆಯಲ್ಲಿ ಕೂಸನ್ನೂ ಸೇರಿಸಿ. ನಾಲ್ವರಿಗೆ ಹಿಡಿದು ಕೂಸಿನ ಜೊತೆ ಐವರು ಹೋದರೆ ಬಾಗಿಲಲ್ಲಿ ತಕರಾರು. ಟೇಬಲ್ ಸಿಗದಿದ್ದರೆ ಕೈಬಿಡಬೇಡಿ: ಪ್ರವಾಸದ ಯೋಜನೆ ಬದಲಾದವರು ಹಿಂದಿನ ದಿನ ರದ್ದು ಮಾಡುತ್ತಾರೆ, ಆಗ ಬೆಳಿಗ್ಗೆ-ಸಂಜೆ ನೋಡುತ್ತಿರಿ. ಇಬ್ಬರದು ಬೇಗ ಸಿಗುತ್ತದೆ, ಆರು ಮಂದಿಯದು ಕಷ್ಟ. ಸಿಗದೇ ಇದ್ದರೆ ಮೂವರು-ಮೂವರಾಗಿ ಒಡೆದು ಹಿಡಿಯಿರಿ.

ಆ ದಿನ ಮ್ಯಾಜಿಕ್ ಕಿಂಗ್‌ಡಮ್‌ನಿಂದ ಹತ್ತು ನಿಮಿಷ ನಡೆದರೆ ಕಂಟೆಂಪರರಿ ಬರುತ್ತದೆ. ಮಂಡಿ ನೋವಿನವರಿಗೆ ರೆಸಾರ್ಟ್ ಮೊನೊರೈಲ್ ಇದೆ, ಅದು ಕಟ್ಟಡದ ಒಳಗೇ ಹಾದು ನಿಲ್ಲುತ್ತದೆ. ನೇರ 15ನೇ ಮಹಡಿಗೆ ಹೋಗಲು ಬಿಡುವುದಿಲ್ಲ. ಎರಡನೇ ಮಹಡಿಯ ಕೌಂಟರ್‌ನಲ್ಲಿ ಹೆಸರು ಹೇಳಬೇಕು, ಅವರೇ ಲಿಫ್ಟ್‌ನಲ್ಲಿ ಕರೆದೊಯ್ಯುತ್ತಾರೆ. ಹದಿನೈದು ನಿಮಿಷ ಮೊದಲೇ ಅಲ್ಲಿರಿ.

ಯಾರಿಗೆ ಒಪ್ಪುತ್ತದೆ, ಯಾರಿಗೆ ಬೇಡ

ಮಾಂಸಾಹಾರಿ ಮನೆ, ಮದುವೆಯ ವಾರ್ಷಿಕೋತ್ಸವ, ಪಟಾಕಿ ಹೊತ್ತಿನ ಟೇಬಲ್ ಮೂರೂ ಕೂಡಿದರೆ ಹೋಗಿ, ರೊಕ್ಕದ ಚಿಂತೆ ಬಿಡಿ. ಶಾಕಾಹಾರಿಗಳಿದ್ದರೆ ಪಟಾಕಿ ಹೊತ್ತಿನ ಟೇಬಲ್ ಸಿಕ್ಕರಷ್ಟೇ ಹೋಗಿ. ಹಿರಿಯರಿಗೆ ಊಟವೇ ಮುಖ್ಯ ಎಂದಾದರೆ ಅನಿಮಲ್ ಕಿಂಗ್‌ಡಮ್‌ ರೆಸಾರ್ಟ್‌ನ ಕಿಡಾನಿ ವಿಲೇಜ್‌ನಲ್ಲಿರುವ ಸನಾ ಎಂಬ ರೆಸ್ಟೋರೆಂಟ್‌ಗೆ ಕರೆದೊಯ್ಯಿರಿ. ಅಲ್ಲಿನ ಬ್ರೆಡ್ ಸರ್ವಿಸ್‌ನಲ್ಲಿ ನಾನ್, ಕುಲ್ಚಾದ ಜೊತೆ ಒಂಬತ್ತು ಬಗೆಯ ಚಟ್ನಿ-ವ್ಯಂಜನ ಬರುತ್ತವೆ, ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಹಗಲಿನ ಟೇಬಲ್ ಹಿಡಿಯಿರಿ, ಕತ್ತಲಾದ ಮೇಲೆ ಪ್ರಾಣಿಗಳು ಕಾಣುವುದಿಲ್ಲ. ಪಟಾಕಿಯನ್ನು ಪಾಲಿನೇಶಿಯನ್ ರೆಸಾರ್ಟ್‌ನ ಮರಳದಂಡೆಯಿಂದ ಬಿಟ್ಟಿ ನೋಡಬಹುದು.

ಬಿಲ್

89 ಡಾಲರ್ ಎಂದರೆ ಅಷ್ಟಕ್ಕೇ ಮುಗಿಯಿತು ಎಂದುಕೊಂಡವರೇ ಕೊನೆಗೆ ಹೆಚ್ಚು ಸಿಟ್ಟಾಗುವುದು. 2021ರ ದರದಲ್ಲಿ ನಾಲ್ವರು ದೊಡ್ಡವರು, 39 ಡಾಲರ್ ದರದ ಒಂದು ಮಗು (3ರಿಂದ 9 ವರ್ಷ) ಎಂದು ಹಿಡಿಯಿರಿ. ಊಟ 395. ಆರೆಂಜ್ ಕೌಂಟಿಯ ಮಾರಾಟ ತೆರಿಗೆ ನೂರಕ್ಕೆ 6.5, ಅಂದರೆ 25.68. ಟಿಪ್ ನೂರಕ್ಕೆ 20, ಅಂದರೆ 79. ಒಟ್ಟು 499.68 ಡಾಲರ್. ಡಾಲರ್‌ಗೆ 85 ರೂಪಾಯಿಯಂತೆ 42 ಸಾವಿರ ದಾಟುತ್ತದೆ. ಜ್ಯೂಸ್, ವೈನ್ ಬೇರೆ. ಬುಕ್ ಮಾಡುವ ದಿನದ ದರ ಹಾಕಿ ಇದೇ ಲೆಕ್ಕ ಮಾಡಿ, ಅದನ್ನು ಊಟಕ್ಕೆ ಮೊದಲೇ ಮನೆಯವರಿಗೆಲ್ಲ ಹೇಳಿಬಿಡಿ.

ಟಿಪ್ ಅಲ್ಲಿ ಬಡಿಸುವವರ ಸಂಬಳದ ಭಾಗ, ಕೊಡದೆ ಬರಬಾರದು. ಅದನ್ನು ತೆರಿಗೆ ಸೇರಿಸುವ ಮೊದಲಿನ ಮೊತ್ತದ ಮೇಲೆ ಲೆಕ್ಕ ಹಾಕಿ. ಆರು ಅಥವಾ ಹೆಚ್ಚು ಮಂದಿ ಒಂದೇ ಟೇಬಲ್‌ನಲ್ಲಿದ್ದರೆ ನೂರಕ್ಕೆ 18ರಷ್ಟು ಟಿಪ್ ಬಿಲ್‌ನಲ್ಲೇ ಸೇರಿರುತ್ತದೆ. ಅದರ ಕೆಳಗೆ ಮತ್ತೊಂದು ಖಾಲಿ ಗೆರೆ ಇರುತ್ತದೆ. ನೋಡದೆ ಅಲ್ಲಿ ಮತ್ತೆ 20 ತುಂಬಿದರೆ ಎರಡು ಸಲ ಕೊಟ್ಟಂತೆ. ಸಹಿ ಹಾಕುವ ಮೊದಲು "ಗ್ರಾಟುಯಿಟಿ" (ಟಿಪ್) ಎಂಬ ಸಾಲು ಮೇಲೆ ಇದೆಯೇ ಎಂದು ಬೆರಳಿಟ್ಟು ನೋಡಿ.