ಫಿಲ್ಮ್ ಕ್ಯಾಮೆರಾಗೆ ಒಂದೇ ಲೆನ್ಸ್: 50 ಎಂಎಂ ಆರಿಸುವಾಗ ನಾನು ನೋಡುವುದು

ನನ್ನ ನಿಕಾನ್ ಎಫ್‌ಎಂ2 ಮೇಲೆ ಸದಾ ಇರುವುದು 50 ಎಂಎಂ ಎಫ್/1.8 ಎಐ-ಎಸ್ ಲೆನ್ಸ್. (ಎಫ್ ಅಂಕಿ ಚಿಕ್ಕದಾದಷ್ಟು ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು.) ಎಫ್/1.4 ಬೇಡವೆಂದದ್ದು ಲೆಕ್ಕ ಹಾಕಿಯೇ. ಎರಡರ ನಡುವಿನ ಬೆಳಕಿನ ಅಂತರ ಮುಕ್ಕಾಲು ಸ್ಟಾಪ್‌ನಷ್ಟೂ ಇಲ್ಲ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು). 400 ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ) ರೋಲ್ ಇದ್ದರೆ ರಾತ್ರಿ ದೀಪ ಹಾಕಿದ ಕೋಣೆಯಲ್ಲಿ ಎಫ್/2ಕ್ಕೆ 1/30 ಅಥವಾ 1/60 ಸೆಕೆಂಡಿನ ಶಟರ್ ಸಿಗುತ್ತದೆ, ಅಷ್ಟು ಸಾಕು. ಒಂದು ಮೀಟರ್ ದೂರದ ಮುಖದಲ್ಲಿ ಸ್ಪಷ್ಟವಾಗಿ ಬರುವ ಆಳ ಎಫ್/1.8ರಲ್ಲಿ ಸುಮಾರು 4 ಸೆಂ.ಮೀ., ಎಫ್/1.4ರಲ್ಲಿ 3 ಸೆಂ.ಮೀ. ಕಣ್ಣಿಗೆ ಫೋಕಸ್ ಹಿಡಿದು ಬಟನ್ ಒತ್ತುವಷ್ಟರಲ್ಲಿ ನಾವೋ ಎದುರಿನವರೋ ಅಷ್ಟು ಅಲುಗಾಡಿರುತ್ತೇವೆ.

ಇನ್ನು ಬಿಸಿಲಲ್ಲಿ ದೊಡ್ಡ ಅಪರ್ಚರ್ ತೆರೆಯುವುದೇ ಕಷ್ಟ. 400 ರೋಲ್‌ಗೆ ಸುಡುಬಿಸಿಲಲ್ಲಿ ಎಫ್/16, 1/400. ಎಫ್/2ಕ್ಕೆ ಬರಬೇಕಾದರೆ ಶಟರ್ 1/25,600 ಆಗಬೇಕು. ಎಫ್‌ಎಂ2 ಶಟರ್ 1/4000ಕ್ಕೆ ನಿಲ್ಲುತ್ತದೆ, ಪೆಂಟಾಕ್ಸ್ ಕೆ1000 ಆದರೆ 1/1000ಕ್ಕೇ.

50ಓ 35ಓ ಎನ್ನುವುದನ್ನು ಜಾಗ ನೋಡಿ ತೀರ್ಮಾನಿಸಿ. ನಿಂತವರು ಅಡಿಯಿಂದ ಮುಡಿಯವರೆಗೆ ಬರಬೇಕಾದರೆ, ಕ್ಯಾಮೆರಾ ಲಂಬವಾಗಿ ಹಿಡಿದರೂ, 50ರಲ್ಲಿ ಎರಡೂವರೆ ಮೀಟರ್ ಹಿಂದೆ ಸರಿಯಬೇಕು. 35ರಲ್ಲಿ ಒಂದೂಮುಕ್ಕಾಲು ಮೀಟರ್ ಸಾಕು. ಆದರೆ ಮುಖವನ್ನೇ ತುಂಬಿಸಲು 35 ಹಿಡಿದು ಹತ್ತಿರ ಹೋದರೆ ಮೂಗು ದಪ್ಪಗಾಗುತ್ತದೆ. ಎರಡಕ್ಕೂ ಹೊಂದುವುದು 50.

ಕೊಳ್ಳುವ ಮೊದಲು ಮೌಂಟ್ (ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗ) ನೋಡಿ. ನಿಕಾನ್‌ನಲ್ಲಿ ಎಐ (ಲೆನ್ಸಿನ ಅಪರ್ಚರನ್ನು ಕ್ಯಾಮೆರಾದ ಬೆಳಕಿನ ಮೀಟರ್‌ಗೆ ತಿಳಿಸುವ ವ್ಯವಸ್ಥೆ) ಬಂದದ್ದು 1977ರಲ್ಲಿ. ಅದಕ್ಕೂ ಹಳೆಯ, ಬದಲಾವಣೆ ಮಾಡಿಸದ ಲೆನ್ಸನ್ನು ಎಫ್‌ಎಂ2ಗೆ ಹಾಕಿದರೆ ಮೌಂಟ್ ಸುತ್ತಲಿನ ಪುಟ್ಟ ಮೀಟರ್ ಕೊಂಡಿ ಮುರಿಯಬಹುದು. ನಿಕಾನ್‌ನ ಮೊದಲ ಎಫ್‌ಎಂ, ಎಫ್‌ಇ ಕ್ಯಾಮೆರಾಗಳಲ್ಲಿ ಆ ಕೊಂಡಿಯನ್ನು ಮೇಲೆತ್ತಿ ಮಡಚಬಹುದು. 50 ಎಫ್/1.8 ಎಂಬ ಒಂದೇ ಹೆಸರಿನಲ್ಲಿ 0.45 ಮೀಟರ್‌ವರೆಗೆ ಹತ್ತಿರ ಹೋಗುವುದೂ ಇದೆ, 0.6ಕ್ಕೇ ನಿಲ್ಲುವುದೂ ಇದೆ. ರಿಂಗ್ ಪೂರ್ತಿ ತಿರುಗಿಸಿ ಅಂಕಿ ಓದಿ.

ಹಳೆಯ ಲೆನ್ಸ್ ಕೈಗೆ ಬಂದರೆ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡುತ್ತೇನೆ. ನಾಲ್ಕು ಧೂಳಿನ ಕಣಕ್ಕೆ ಹೆದರಬೇಕಿಲ್ಲ. ಜೇಡರ ಎಳೆಯಂತೆ ಕಂಡರೆ ಫಂಗಸ್. ಕೋಟಿಂಗ್ ತಿಂದಿದ್ದರೆ ಒರೆಸಿದರೂ ಗುರುತು ಉಳಿಯುತ್ತದೆ. ಹಾಲಿನ ಪೊರೆಯಂಥ ಮಂಜಿದ್ದರೆ ನಾನು ಕೊಳ್ಳುವುದೇ ಇಲ್ಲ, ಚಿತ್ರವೆಲ್ಲ ಬೂದು ಬೂದಾಗುತ್ತದೆ. ಆಮೇಲೆ ರಿಂಗನ್ನು 16ಕ್ಕೆ ಇಟ್ಟು, ಹಿಂದಿನ ಸಣ್ಣ ಲಿವರನ್ನು ಒತ್ತಿ ಬಿಡಬೇಕು. ಬ್ಲೇಡುಗಳು ಥಟ್ಟನೆ ಮುಚ್ಚಬೇಕು. ನಿಧಾನವಾದರೆ ಎಣ್ಣೆ ಇಳಿದಿದೆ ಎಂದೇ ಅರ್ಥ: ಫೋಕಸ್ ತಿರುಪಿನ ಗ್ರೀಸ್ ಸೆಕೆಗೆ ಕರಗಿ ಬ್ಲೇಡಿಗೆ ಅಂಟುತ್ತದೆ. ಎಫ್/1.8ರಲ್ಲಿ ಈ ದೋಷ ಗೊತ್ತೇ ಆಗದು. 11, 16ರಲ್ಲಿ ಬ್ಲೇಡ್ ಮುಚ್ಚುವ ಮೊದಲೇ ಶಟರ್ ತೆರೆದು, ಬೆಳಕು ಹೆಚ್ಚಾಗಿ ನೆಗೆಟಿವ್ ದಟ್ಟವಾಗುತ್ತದೆ. ನೆಗೆಟಿವ್ ರೋಲ್ ಇದನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಸ್ಲೈಡ್ (ನೇರವಾಗಿ ಪಾಸಿಟಿವ್ ಚಿತ್ರ ಬರುವ ಫಿಲ್ಮ್) ತಡೆದುಕೊಳ್ಳದು.

ಫೋಕಸ್ ಪರೀಕ್ಷೆಗೆ ರೋಲ್ ಬೇಡ. ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು, ಬೆನ್ನು ತೆರೆದು, ಶಟರ್ 'ಬಿ'ಗೆ (ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ಗುರುತು) ಇಟ್ಟು ಕೇಬಲ್ ರಿಲೀಸ್‌ನಿಂದ ತೆರೆದೇ ಇಡಿ. ಫಿಲ್ಮ್ ಕೂರುವ ಒಳಗಿನ ಎರಡು ಹಳಿಗಳ ಮೇಲೆ ಮರಳುಗಾಜಿನ (ಒಂದು ಮುಖ ಒರಟಾದ ಮಂಜು ಗಾಜು) ತುಂಡು ಇಡಿ, ಒರಟು ಮುಖ ಲೆನ್ಸ್ ಕಡೆಗೆ. ಶಟರ್ ಪರದೆಗೆ ಬೆರಳಾಗಲಿ ಗಾಜಾಗಲಿ ತಾಗಬಾರದು. ಒಂದು ಕಿಲೋಮೀಟರ್ ಆಚೆಯ ಮೊಬೈಲ್ ಟವರ್‌ಗೆ ಗುರಿಯಿಟ್ಟು, ರಿಂಗನ್ನು ಅನಂತದ ಗುರುತಿಗೆ ತಂದು ಭೂತಗನ್ನಡಿಯಲ್ಲಿ ನೋಡಿ. ಗಾಜಿನ ಮೇಲೆ ಚೂಪಾಗಿದ್ದು, ಶಟರ್ ಮುಚ್ಚಿ ನೋಡಿದಾಗ ವ್ಯೂಫೈಂಡರ್ ನಡುವಿನ ಒಡೆದ ಬಿಂಬ (ಫೋಕಸ್ ಸರಿಯಾದಾಗ ಒಂದಾಗುವ ಎರಡು ಅರ್ಧಗಳು) ಕೂಡದಿದ್ದರೆ ತಪ್ಪು ಕ್ಯಾಮೆರಾದ ಕನ್ನಡಿಯದು ಅಥವಾ ಸ್ಕ್ರೀನಿನದು. ಎರಡೂ ಕಡೆ ಮಸುಕಾದರೆ ಲೆನ್ಸನ್ನು ಯಾರೋ ಬಿಚ್ಚಿ ಸರಿಯಾಗಿ ಜೋಡಿಸಿಲ್ಲ.

ಆಮೇಲೆ ರೋಲ್‌ನ ನಾಲ್ಕೇ ಫ್ರೇಮ್: ಗೋಡೆಗೆ ಅಂಟಿಸಿದ ದಿನಪತ್ರಿಕೆ, ಎರಡೂವರೆ ಮೀಟರ್ ದೂರದಿಂದ, ಎಫ್/1.8, 2.8, 5.6, 16ರಲ್ಲಿ, ಪ್ರತಿ ಸಲ ಶಟರ್ ಹೊಂದಿಸಿ. ಎಫ್/1.8ರಲ್ಲಿ ನಾಲ್ಕೂ ಮೂಲೆ ಮೆದುವಾಗುವುದು ಸಹಜ. ಒಂದೇ ಬದಿ ಮಸುಕಾದರೆ ಒಳಗಿನ ಗಾಜು ಓರೆಯಾಗಿದೆ, ವಾಪಸ್ ಕೊಡಿ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಕೇಸಿನಲ್ಲಿ ಇಡಬೇಡಿ, ಫಂಗಸ್ ಅಲ್ಲೇ ಬೆಳೆಯುತ್ತದೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಪುಟ್ಟ ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ಸರಿ.