ಏಪ್ರಿಲ್ ಸೆಕೆಯಲ್ಲಿ ರಾತ್ರಿಯಿಡೀ ಓಡಿದ ಲ್ಯಾಪ್‌ಟಾಪ್: ನನ್ನ ಅನುಭವ

ಯಕ್ಷಗಾನ ಆಟಗಳ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಕಳೆದ ಏಪ್ರಿಲ್‌ನಲ್ಲಿ ಒಂದು ಹರಕೆ ಆಟದ ವಿಡಿಯೊವನ್ನು ಎಕ್ಸ್‌ಪೋರ್ಟ್‌ಗೆ ಹಾಕಿ ರಾತ್ರಿ ಹತ್ತೂವರೆಗೆ ಮಲಗಿದೆ. ಬೆಳಗ್ಗೆ ಐದೂಮುಕ್ಕಾಲಿಗೆ ಎದ್ದು ನೋಡಿದರೆ ಫೈಲ್ ಪೂರ್ತಿ ತಯಾರಾಗಿತ್ತು. ಏಳೂವರೆ ಗಂಟೆಯ ಬಯಲಾಟ, ಎರಡು ಕ್ಯಾಮೆರಾ, ಮೇಲೆ ಕಲರ್ ಮತ್ತು ನಾಯ್ಸ್ ತೆಗೆಯುವ ಕೆಲಸ. ಕೋಣೆಯಲ್ಲಿ ಎಸಿ ಇಲ್ಲ. ರಾತ್ರಿಯೂ 29-30 ಡಿಗ್ರಿ. ಬಿಸಿ ಅಳೆದು ತೋರಿಸುವ ಎಚ್‌ಡಬ್ಲ್ಯೂ ಇನ್ಫೊ ಸಾಫ್ಟ್‌ವೇರ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಬಿಸಿ 82 ತೋರಿಸುತ್ತಿತ್ತು. ಅದೇ ಲ್ಯಾಪ್‌ಟಾಪ್ ಹಿಂದಿನ ವರ್ಷ ಇಂಥದ್ದೇ ಕೆಲಸಕ್ಕೆ ಮೂರನೇ ಗಂಟೆಯಲ್ಲಿ ತನ್ನಷ್ಟಕ್ಕೆ ಆಫ್ ಆಗುತ್ತಿತ್ತು.

ಇದನ್ನು ಬರೆಯಲು ಕಾರಣ ಇದೆ. ಉಡುಪಿಯ ಒಂದು ರಿಪೇರಿ ಅಂಗಡಿಯಲ್ಲಿ ನನಗೆ ಹೇಳಿದ ಮಾತು: "ಇದು ಇನ್ನು ಆಗ್ಲಿಕ್ಕಿಲ್ಲ ಮಾರಾಯ್ರೆ, ಹೊಸದು ತೆಕ್ಕೊಳ್ಳಿ." ಹೊಸದಕ್ಕೆ 95 ಸಾವಿರ ಅಂದರು. ನನ್ನ ಭಾವ ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಅವರದ್ದೂ ಅದೇ ಅಭಿಪ್ರಾಯ. "ಸಮುದ್ರದ ಹತ್ತಿರ ಎಸಿ ಇಲ್ಲದೆ ಎಡಿಟಿಂಗ್ ಮಾಡ್ತೀರಾ ಭಾವಾ? ಸುಮ್ನೆ ಕಷ್ಟ ಪಡ್ತೀರಿ" ಅಂದರು. ನನ್ನ ಮನೆ ಮಲ್ಪೆ ಕಡೆಗೆ, ಕಡಲಿಂದ ಎರಡೋ ಎರಡೂವರೆಯೋ ಕಿಲೋಮೀಟರ್. ಹಿಂದಿನ ಸೀಸನ್‌ನಲ್ಲಿ ನಾಲ್ಕು ಆಟದ ಪೆನ್‌ಡ್ರೈವ್ ತಡವಾಗಿ ಕೊಟ್ಟಿದ್ದೆ. ಆಟ ಆಡಿಸಿದ ಮನೆಯವರು ಬೈಯಲಿಲ್ಲ, ಆದರೆ ಮುಂದಿನ ವರ್ಷ ಒಂದು ಮನೆಯವರು ಬೇರೆಯವರನ್ನು ಕರೆದರು. ಅದು ತುಂಬಾ ನೋವು ಕೊಟ್ಟಿತು.

ಮೊದಲು ಎಲ್ಲರ ಹಾಗೆ ಕೂಲಿಂಗ್ ಪ್ಯಾಡ್ ತೆಗೆದುಕೊಂಡೆ. 1,400 ರೂಪಾಯಿಯದ್ದು, ಐದು ಫ್ಯಾನ್, ನೀಲಿ ಲೈಟ್. ಇಳಿದದ್ದು ಎರಡು ಡಿಗ್ರಿ. ಪ್ಯಾಡಿನ ಫ್ಯಾನ್ ಇರುವ ಜಾಗಕ್ಕೂ ಲ್ಯಾಪ್‌ಟಾಪಿನ ಕೆಳಗಿನ ಜಾಲರಿಗೂ ಹೊಂದಿಕೆಯೇ ಇರಲಿಲ್ಲ, ಗಾಳಿ ಪ್ಲಾಸ್ಟಿಕ್‌ಗೆ ಬಡಿದು ವಾಪಸ್ ಬರುತ್ತಿತ್ತು. ಆಮೇಲೆ 2,200 ಕೊಟ್ಟು ಪಕ್ಕಕ್ಕೆ ಸಿಕ್ಕಿಸಿ ಬಿಸಿಗಾಳಿ ಎಳೆಯುವ ಕೂಲರ್ ತಂದೆ. ಅದರ ಬಾಯಿ ಸರಿಯಾಗಿ ಕೂರಲಿಲ್ಲ, ಹದಿನೈದು ದಿನದಲ್ಲಿ ಮೂಲೆಗೆ ಹೋಯಿತು.

ಆಮೇಲೆ ಸರ್ವಿಸ್‌ಗೆ ಕೊಟ್ಟೆ, 1,800 ರೂಪಾಯಿ. ತಂದು ಆನ್ ಮಾಡಿದರೆ ಒಂದೇ ನಿಮಿಷಕ್ಕೆ 100 ಡಿಗ್ರಿ! ಮೊದಲಿಗಿಂತ ಜಾಸ್ತಿ. ಕಾರಣ ಗೊತ್ತಾದದ್ದು ನಾನೇ ಬಿಚ್ಚಿದ ಮೇಲೆ. ಮೆಮೊರಿ ಚಿಪ್‌ಗಳ ಮೇಲೆ 1 ಎಂಎಂ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆಯ ಪಟ್ಟಿ) ಇರಬೇಕಾದಲ್ಲಿ ಒಂದೂವರೆ ಎಂಎಂ ಹಾಕಿದ್ದರು. ಆ ಅರ್ಧ ಎಂಎಂ ದಪ್ಪಕ್ಕೆ ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ಎತ್ತಿ ನಿಂತು, ಪ್ರೊಸೆಸರ್‌ಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ. ಸರ್ವಿಸ್ ಆದ ಮೇಲೆ ಬಿಸಿ ಏರಿದರೆ ಮೊದಲು ಇದನ್ನೇ ನೋಡಿ. ಪ್ರೊಸೆಸರ್‌ಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಮೇಲೆ ಹೀಟ್‌ಸಿಂಕಿನ ಅಚ್ಚು ಸಮವಾಗಿ ಮೂಡಿದೆಯಾ ಅಂತ ನೋಡಿದರೆ ಸಾಕು.

ದೊಡ್ಡ ಪೆಟ್ಟು ಬಿದ್ದದ್ದು ಐಸ್ ಬಾಟಲಿಯಿಂದ. ಮೇ ತಿಂಗಳು, ಒಂದು ಆಟ ಮರುದಿನ ಕೊಡಬೇಕಿತ್ತು. ಫ್ರೀಜರ್‌ನ ಎರಡು ಬಾಟಲಿಗಳನ್ನು ಟವೆಲ್‌ನಲ್ಲಿ ಸುತ್ತಿ ಲ್ಯಾಪ್‌ಟಾಪ್ ಕೆಳಗೆ ಇಟ್ಟೆ. ಮೊದಲ ಅರ್ಧ ಗಂಟೆ ಎಂಟು ಡಿಗ್ರಿ ಇಳಿಯಿತು, ನನಗೆ ಖುಷಿಯೋ ಖುಷಿ. ಒಂದೂವರೆ ಗಂಟೆ ಆದ ಮೇಲೆ ಕೀಬೋರ್ಡಿನ ಒಂದು ಸಾಲು ಸತ್ತಿತು. ತೆಗೆದು ನೋಡಿದರೆ ಕೆಳಗಿನ ಕವರ್ ಒಳಭಾಗದಲ್ಲೂ ಹನಿ ಕೂತಿತ್ತು. ನಮ್ಮೂರಿನ ಮೇ ತಿಂಗಳ ಗಾಳಿಯಲ್ಲಿ ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವೂ ಬೆವರುತ್ತದೆ. ಫ್ರಿಜ್‌ನಿಂದ ತೆಗೆದ ಚೊಂಬು ಬೆವರುವುದಿಲ್ವಾ, ಹಾಗೆ. ಕೀಬೋರ್ಡ್ ಬದಲಿಸಲು 3,500 ಹೋಯಿತು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡೆ: ಕೋಣೆಯ ಗಾಳಿಗಿಂತ ತಣ್ಣಗಿನದ್ದು ಯಾವುದನ್ನೂ ಲ್ಯಾಪ್‌ಟಾಪ್‌ಗೆ ತಾಗಿಸುವುದಿಲ್ಲ. 20 ಡಿಗ್ರಿ ಎಸಿ ಕೋಣೆಯಿಂದ ಹೊರಗೆ ತಂದರೂ ಮುಕ್ಕಾಲು ಗಂಟೆ ಬ್ಯಾಗ್ ತೆರೆಯುವುದಿಲ್ಲ.

ಇಷ್ಟಾದ ಮೇಲೆ ಎಲ್ಲವನ್ನೂ ನಾನೇ ಮಾಡಬೇಕು ಅಂತ ಕೂತೆ. ಬಿಚ್ಚುವ ವಿಧಾನವನ್ನು ಇಲ್ಲಿ ಬರೆಯುವುದಿಲ್ಲ. ಕೆಳಗಿನ ಹನ್ನೊಂದು ಸ್ಕ್ರೂಗಳಲ್ಲಿ ಮೂರು ತುಕ್ಕು ಹಿಡಿದಿದ್ದವು, ಒಂದರ ತಲೆಯೇ ಸವೆಯಿತು. ಫ್ಯಾನ್ ಮೇಲೆ ದೂಳು ಕಮ್ಮಿ ಇತ್ತು. ಆದರೆ ಫ್ಯಾನ್ ಬಿಚ್ಚಿದಾಗ, ಅದಕ್ಕೂ ಫಿನ್‌ಗಳಿಗೂ (ಬಿಸಿ ಬಿಡುವ ತೆಳು ಲೋಹದ ಹಲ್ಲುಗಳಿಗೂ) ನಡುವೆ ಕಂಬಳಿ ತುಂಡಿನಂಥ ಒಂದು ಪದರ ಸಿಕ್ಕಿತು. ನಮ್ಮಲ್ಲಿ ತೇವ ಇರುವುದರಿಂದ ದೂಳು ಪುಡಿಯಾಗಿ ಉಳಿಯುವುದಿಲ್ಲ, ಮೆತ್ತಿಕೊಳ್ಳುತ್ತದೆ. ಹೊರಗಿನಿಂದ ಬ್ಲೋವರ್ ಹೊಡೆದರೆ ಅದು ಬರುವುದೇ ಇಲ್ಲ. ಫ್ಯಾನ್ ಬಿಚ್ಚಿ, ಚಿಮಟದಲ್ಲಿ ಹಿಡಿದು ಎಳೆಯಬೇಕು. ಆ ಒಂದು ತುಂಡು ತೆಗೆದದ್ದಕ್ಕೇ ಏಳೆಂಟು ಡಿಗ್ರಿ ಇಳಿಯಿತು ಅಂತ ನೆನಪು.

ಪೇಸ್ಟ್‌ನಲ್ಲೂ ಸೋತಿದ್ದೇನೆ. ಅಗ್ಗದ ಬಿಳಿ ಪೇಸ್ಟ್ ಎರಡು ತಿಂಗಳಿಗೆ ಒಣಗಿತು. ಆಮೇಲೆ ಎಂಎಕ್ಸ್-4 ಅನ್ನುವ ಪೇಸ್ಟ್ ಹಾಕಿದೆ, ಚೆನ್ನಾಗಿತ್ತು, ಆದರೆ ದಿನಾ ಕಾದು ತಣಿದು ಆರು ತಿಂಗಳಲ್ಲಿ ಅಂಚಿಗೆ ಸರಿದುಬಿಟ್ಟಿತು. ಈಗ ಇರುವುದು ಪೇಸ್ಟ್ ಬದಲಿಗೆ ಇಡುವ ಪಿಟಿಎಂ7950 ಅನ್ನುವ ತೆಳು ಹಾಳೆ. ಸುಮಾರು 45 ಡಿಗ್ರಿಗೆ ಮೆತ್ತಗಾಗಿ ತಾನೇ ತುಂಬಿಕೊಳ್ಳುತ್ತದೆ. ಹಾಕಿದ ದಿನ ಏನೂ ವ್ಯತ್ಯಾಸ ಕಾಣಲಿಲ್ಲ. ಐದಾರು ಸಲ ಕಾದು ತಣಿದ ಮೇಲೆ ಇಳಿಯಿತು. ಒಂದೂವರೆ ವರ್ಷ ಆಯಿತು, ಮತ್ತೆ ಬಿಚ್ಚಿಲ್ಲ. ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದರೆ ಅದರ ಮೇಲಿನ ಪದರ ಸುಲಭವಾಗಿ ಬಿಡುತ್ತದೆ. ಇದರಲ್ಲಿ ನಕಲಿ ಬಹಳ. ನನಗೆ ಅಸಲಿ ಸಿಗುವ ಜಾಗ ಒಂದಿದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಇನ್ನು ಪವರ್. ಬಿಸಿಯನ್ನು ಹೊರಗೆ ಹಾಕುವುದಕ್ಕಿಂತ ಹುಟ್ಟದ ಹಾಗೆ ಮಾಡುವುದು ಸುಲಭ. ವೋಲ್ಟೇಜ್ ಇಳಿಸಲು ನೋಡಿದೆ, ನನ್ನ ಮಾಡೆಲ್‌ನಲ್ಲಿ ಅದು ಲಾಕ್. 2019ರ ಕೊನೆಗೆ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತೆಯ ಲೋಪ ಹೊರಬಂದ ಮೇಲೆ ಬಯಾಸ್ (ಲ್ಯಾಪ್‌ಟಾಪಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್‌ನಲ್ಲಿ ಅನೇಕ ಲ್ಯಾಪ್‌ಟಾಪ್‌ಗಳಿಗೆ ಈ ಬಾಗಿಲು ಮುಚ್ಚಿತು. ಹಾಗಾಗಿ ವಿಂಡೋಸ್‌ನ ಪವರ್ ಪ್ಲಾನ್‌ನಲ್ಲಿ ಪ್ರೊಸೆಸರ್ ಗರಿಷ್ಠವನ್ನು ಶೇ. 99 ಮಾಡಿದೆ. ಟರ್ಬೊ, ಅಂದರೆ ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವುದು, ನಿಂತಿತು. "ಟರ್ಬೊ ಇಲ್ಲದಿದ್ದರೆ ಕೆಲಸ ನಿಧಾನ ಅಲ್ವಾ?" ಅಂತ ಭಾವ ಕೇಳಿದರು. ನಾನು ಎರಡೂ ರೀತಿ ಓಡಿಸಿ ತೋರಿಸಿದೆ. ಟರ್ಬೊ ಇದ್ದಾಗ ಮೊದಲ ಹತ್ತು ನಿಮಿಷ 4 ಗಿಗಾಹರ್ಟ್ಸ್, ಆಮೇಲೆ ಬಿಸಿಗೆ ಹೆದರಿ 1.4, ಮತ್ತೆ 3, ಮತ್ತೆ 1.4. ಇಲ್ಲದಾಗ 2.6ರಲ್ಲಿ ಗಟ್ಟಿಯಾಗಿ ನಿಂತಿತು. ಹಿಂದೆ ಹನ್ನೊಂದು ಗಂಟೆ ಬೇಡುತ್ತಿದ್ದ ಎಕ್ಸ್‌ಪೋರ್ಟ್ ಈಗ ಏಳು ಏಳೂಕಾಲಿಗೆ ಮುಗಿಯುತ್ತದೆ. ಎನ್‌ಕೋಡಿಂಗನ್ನು (ವಿಡಿಯೊ ಕುಗ್ಗಿಸಿ ಫೈಲ್ ಮಾಡುವುದನ್ನು) ಗ್ರಾಫಿಕ್ಸ್ ಕಾರ್ಡ್‌ಗೆ ಒಪ್ಪಿಸಿದ್ದೂ ಅದಕ್ಕೆ ಒಂದು ಕಾರಣ. ಭಾವ ಏನೂ ಮಾತಾಡಲಿಲ್ಲ. ಮರುವಾರ ತಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇನ್ನೊಂದು, ಅದನ್ನು ಯಾರೂ ಹೇಳುವುದಿಲ್ಲ. ಲ್ಯಾಪ್‌ಟಾಪ್ ತಾನು ಬಿಟ್ಟ ಬಿಸಿ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹಿಂದಿನಿಂದ ಹೊರಬಂದ ಗಾಳಿ ಮೇಜಿನ ಮೇಲೆ ಹರಡಿ ಕೆಳಗಿನ ಜಾಲರಿಗೆ ವಾಪಸ್ ಹೋಗುತ್ತದೆ. ಊದುಬತ್ತಿ ಹಚ್ಚಿ ಹಿಡಿದು ನೋಡಿ, ಹೊಗೆ ಕಣ್ಣೆದುರೇ ತಿರುಗಿ ಒಳಗೆ ಹೋಗುತ್ತದೆ.

ಅದಕ್ಕೆ ಹಿತ್ತಲಲ್ಲಿ ಬಿದ್ದಿದ್ದ ಮಂಗಳೂರು ಹೆಂಚು ತಂದೆ. ಹಳೇ ಮನೆ ಕೆಡವಿದಾಗ ಉಳಿದದ್ದು. 1865ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಇಂಥ ಹೆಂಚಿಲ್ಲದ ಹಳೇ ಮನೆ ಹುಡುಕುವುದೇ ಕಷ್ಟ. ಎರಡು ಹೆಂಚನ್ನು ಅಂಚಿನ ಮೇಲೆ ನಿಲ್ಲಿಸಿ, ಅಡಿಗೆ ಮರದ ರೀಪು ಕೊಟ್ಟು, ಮೇಲೆ ರಬ್ಬರ್ ತುಂಡು ಅಂಟಿಸಿದೆ. ಒಂದೊಂದು ಎರಡು ಎರಡೂವರೆ ಕಿಲೋ ಇರುವುದರಿಂದ ಅಲುಗುವುದಿಲ್ಲ. ಲ್ಯಾಪ್‌ಟಾಪ್ ಮೇಜಿನಿಂದ ಒಂದು ಗೇಣು ಮೇಲೆ ಹೋಯಿತು. "ಎಂತ ಇದು, ಮಾಡಿನ ಹೆಂಚು ಮೇಜಿನ ಮೇಲೆ?" ಅಂತ ಅಮ್ಮ ಕೇಳಿದರು. ಆಮೇಲೆ ಫೋಮ್ ಟೇಪಿನಿಂದ ಕೆಳಭಾಗದಲ್ಲಿ ಒಂದು ಗೋಡೆ ಕಟ್ಟಿದೆ, ಒಳಹೋಗುವ ಗಾಳಿ ಒಂದು ಕಡೆ, ಹೊರಬರುವುದು ಇನ್ನೊಂದು ಕಡೆ. ಹಿಂದೆ ಒಂದು 120 ಎಂಎಂ ಕಂಪ್ಯೂಟರ್ ಫ್ಯಾನ್, 12 ವೋಲ್ಟ್ ಅಡಾಪ್ಟರ್‌ನಿಂದ. ಫೋಮ್ ಗೋಡೆಯ ಅಳತೆ ಮತ್ತು ಫ್ಯಾನ್ ಎಷ್ಟು ದೂರ ಇಡಬೇಕು ಅನ್ನುವುದಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ಅದು ನನ್ನ ಹೊಟ್ಟೆಪಾಡಿನ ಗುಟ್ಟು, ಬರೆಯುವುದಿಲ್ಲ. ಊದುಬತ್ತಿ ಇಟ್ಟುಕೊಂಡು ಹುಡುಕಿದರೆ ನಿಮಗೂ ಸಿಗುತ್ತದೆ.

ಮೇಜು ಯಾವ ದಿಕ್ಕಿಗೆ ಅನ್ನುವುದನ್ನು ಮಾತ್ರ ಹೇಳಿಬಿಡುತ್ತೇನೆ. ನಮ್ಮಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ಕಡಲ ಗಾಳಿ ಬೀಸುತ್ತದೆ. ರಾತ್ರಿ ಅದು ನಿಂತು ಮೂಡಣದಿಂದ ನೆಲದ ಗಾಳಿ ನಿಧಾನಕ್ಕೆ ಬರುತ್ತದೆ. ಮೀನುಗಾರರಿಗೆ ಇದು ಹೊಸದಲ್ಲ. ನನ್ನ ಲ್ಯಾಪ್‌ಟಾಪಿನ ಬೆನ್ನು ಯಾವಾಗಲೂ ಪಶ್ಚಿಮದ ಕಿಟಕಿಗೆ ಇತ್ತು. ಹಗಲಿಡೀ ಕಡಲ ಗಾಳಿ ಬಿಸಿಯನ್ನು ವಾಪಸ್ ತಳ್ಳುತ್ತಿತ್ತು, ಜೊತೆಗೆ ಉಪ್ಪು ಬೇರೆ. ಈಗ ಹಗಲಲ್ಲಿ ಬೆನ್ನು ಮೂಡಣಕ್ಕೆ, ರಾತ್ರಿ ಎಕ್ಸ್‌ಪೋರ್ಟ್‌ಗೆ ಹಾಕುವಾಗ ಪಡುವಣಕ್ಕೆ. ನಾಲ್ಕು ಡಿಗ್ರಿ ಬರೀ ಇದರಲ್ಲೇ ಇಳಿಯಿತು, ಒಂದು ರೂಪಾಯಿ ಖರ್ಚಿಲ್ಲದೆ.

ಹೆಂಚನ್ನು ನೆನೆಸಿ ಇಟ್ಟರೆ ತಣ್ಣಗಾಗಬಹುದಾ ಅಂತಲೂ ನೋಡಿದೆ. ಕಲಬುರಗಿಯಲ್ಲಾದರೆ ಆಗುತ್ತಿತ್ತೇನೋ. ಇಲ್ಲಿ ಗಾಳಿಯಲ್ಲೇ ಅಷ್ಟು ನೀರಿದೆ, ಹೆಂಚಿನ ನೀರು ಆರುವುದೇ ಇಲ್ಲ, ಒಂದು ಡಿಗ್ರಿಯೂ ಇಳಿಯಲಿಲ್ಲ. ಉಪ್ಪು ದೂಳು ತಡೆಯಲು ಜಾಲರಿಗೆ ತೆಳು ಬಟ್ಟೆ ಕಟ್ಟಿದೆ, ನಾಲ್ಕು ಡಿಗ್ರಿ ಏರಿತು, ಬಿಚ್ಚಿದೆ. ಅಡಿಕೆ ಹಾಳೆಯ ಪ್ರಯೋಗ ಮಾತ್ರ ಚೆನ್ನಾಗಿ ಫಲ ಕೊಟ್ಟಿತು. ಆಟದ ಜಾಗದಲ್ಲಿ ತೊಡೆಯ ಮೇಲೆ ಇಟ್ಟು ಕ್ಲಿಪ್ ನೋಡಬೇಕಾದಾಗ ಒಣ ಹಾಳೆಯನ್ನು ಚಪ್ಪಟೆ ಮಾಡಿ ಕೆಳಗೆ ಇಡುತ್ತೇನೆ. ಬಿಸಿ ದಾಟುವುದಿಲ್ಲ, ತೂಕವೂ ಇಲ್ಲ.

ತೊಡೆಯ ವಿಷಯ ಯಾಕೆ ಹೇಳಿದೆ ಅಂದರೆ, ಮೊದಲು ಮೂರು ವರ್ಷ ಚಾವಡಿಯಲ್ಲಿ ಗೋಡೆಗೊರಗಿ ತೊಡೆಯ ಮೇಲೇ ಇಟ್ಟು ಕೆಲಸ ಮಾಡಿದವನು ನಾನು. ಎಡ ತೊಡೆಯಲ್ಲಿ ಬಲೆ ಹಾಕಿದ ಹಾಗೆ ಕಂದು ಗೆರೆ ಮೂಡಿತು. ಚರ್ಮದ ಡಾಕ್ಟರು ನೋಡಿ, ಇದು ಎರಿಥೆಮಾ ಅಬ್ ಇಗ್ನೆ, ಸುಡದಷ್ಟು ಬಿಸಿ ದಿನಾ ಗಂಟೆಗಟ್ಟಲೆ ತಾಗಿದರೆ ಬರುತ್ತದೆ, ಒಲೆಯ ಮುಂದೆ ಕೂರುವವರಿಗೂ ಬರುತ್ತದೆ ಅಂದರು. ಮುಲಾಮಿಗಿಂತ ಮೊದಲು ಬಿಸಿ ನಿಲ್ಲಿಸಿ ಅಂದರು. ನಿಲ್ಲಿಸಿದ ಮೇಲೆ ಮಾಸಲು ಏಳೆಂಟು ತಿಂಗಳು ಬೇಕಾಯಿತು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಈಗ ಬೇರೆ ಕೀಬೋರ್ಡ್, 900 ರೂಪಾಯಿ. ಬೆರಳಿಗೆ ಬಿಸಿ ತಾಗುವುದು ನಿಂತಿತು, ಪರದೆ ಕಣ್ಣಿನ ಮಟ್ಟಕ್ಕೆ ಬಂದದ್ದರಿಂದ ಕುತ್ತಿಗೆ ನೋವೂ ಕಮ್ಮಿ. ಮಣಿಕಟ್ಟಿನ ಕೆಳಗೆ ಮಡಚಿದ ಬೈರಾಸು (ಟವೆಲ್). ಪ್ಲಾಸ್ಟಿಕ್ ಕುರ್ಚಿ ತೆಗೆದು ಅಜ್ಜನ ಬೆತ್ತದ ಕುರ್ಚಿ ಹಾಕಿದೆ, ಬೆನ್ನಿಗೆ ಗಾಳಿ ಆಡುತ್ತದೆ. ನಾಲ್ಕು ಗಂಟೆಗೊಮ್ಮೆ ಒಂದು ಲೋಟ ಪುನರ್ಪುಳಿ (ಕೋಕಂ) ಶರಬತ್ತು, ಇಲ್ಲವಾದರೆ ಮಜ್ಜಿಗೆ. ಲೋಟ ಇಡುವುದು ಬೇರೆ ಸ್ಟೂಲಿನ ಮೇಲೆ.

ಲೆಕ್ಕ ಕೇಳುವವರಿಗೆ: ಹಾಳಾದದ್ದು ಸುಮಾರು ಒಂಬತ್ತು ಸಾವಿರ. ಫಲ ಕೊಟ್ಟದ್ದಕ್ಕೆ ಪಿಟಿಎಂ ಹಾಳೆ, ಹಳೇ ಪೇಸ್ಟ್ ಒರೆಸುವ ಸ್ಪಿರಿಟ್, ಥರ್ಮಲ್ ಪ್ಯಾಡ್, ಫೋಮ್, ಫ್ಯಾನ್, ಕೀಬೋರ್ಡ್ ಎಲ್ಲ ಸೇರಿ ಮೂರು ಸಾವಿರದ ಒಳಗೆ. ಬ್ಯಾಟರಿಯ 4,200 ಇದರಲ್ಲಿ ಸೇರಿಲ್ಲ. ಅದು ಯಾವಾಗಲೂ ಶೇ. 100 ಚಾರ್ಜ್‌ನಲ್ಲಿ, ಬಿಸಿಯಲ್ಲಿ ಇದ್ದು ಇದ್ದು ಉಬ್ಬಿ ಟಚ್‌ಪ್ಯಾಡನ್ನೇ ಎತ್ತಿತ್ತು. ಟಚ್‌ಪ್ಯಾಡ್ ಗಟ್ಟಿಯಾದರೆ ಒತ್ತಿ ನೋಡಬೇಡಿ, ಕೂಡಲೇ ಆಫ್ ಮಾಡಿ ಬ್ಯಾಟರಿ ತೆಗೆಸಿ. ಹೊಸದಕ್ಕೆ ಚಾರ್ಜ್ ಮಿತಿ ಶೇ. 60ಕ್ಕೆ ಇಟ್ಟಿದ್ದೇನೆ.

ಈ ಸೀಸನ್‌ನಲ್ಲಿ ಪತ್ತನಾಜೆಗೆ (ಮೇ ಕೊನೆಯಲ್ಲಿ ಆಟದ ಸೀಸನ್ ಮುಗಿಯುವ ದಿನ) ಮೊದಲು ಇಪ್ಪತ್ತಕ್ಕೂ ಹೆಚ್ಚು ಆಟ ಮುಗಿಸಿದೆ, ಒಂದೂ ತಡವಾಗಲಿಲ್ಲ. ಬಿಟ್ಟುಹೋದ ಮನೆಯವರು ಮುಂದಿನ ವರ್ಷಕ್ಕೆ ಈಗಲೇ ಹೇಳಿ ಹೋಗಿದ್ದಾರೆ. ಈಗ ಮಳೆಗಾಲ, ಬಿಸಿಯ ಕಾಟ ಇಲ್ಲ, ಬೂಷ್ಟಿನದ್ದು (ಫಂಗಸ್) ಇದೆ. ಕೆಲಸ ಇಲ್ಲದಿದ್ದರೂ ದಿನಾ ಒಂದು ಗಂಟೆ ಲ್ಯಾಪ್‌ಟಾಪ್ ಓಡಿಸಿ ಒಳಗೆ ಬೆಚ್ಚಗೆ ಇಡುತ್ತಿದ್ದೇನೆ.